ಬ್ರೆಕ್ಸಿಟ್ ನಂತರ ಬ್ರಿಟನ್ನಿನಿಂದ ಯುರೋಪಿಗೆ: 90 ದಿನಗಳ ಲೆಕ್ಕ ಹಾಕುವ ಬಗೆ

ಬ್ರಿಟನ್ 2020ರ ಜನವರಿ 31ರಂದು ಐರೋಪ್ಯ ಒಕ್ಕೂಟ ಬಿಟ್ಟಿತು. ಮುಕ್ತ ಓಡಾಟ ಅದೇ ಡಿಸೆಂಬರ್ 31ಕ್ಕೆ ಮುಗಿಯಿತು. ಈಗ ಬ್ರಿಟಿಷ್ ಪಾಸ್‌ಪೋರ್ಟ್ ಇರುವವರು ವೀಸಾ ಇಲ್ಲದೆ ಷೆಂಗೆನ್ ವಲಯದಲ್ಲಿ (ತಮ್ಮೊಳಗೆ ಗಡಿ ತಪಾಸಣೆ ಬಿಟ್ಟಿರುವ ಯುರೋಪಿನ ದೇಶಗಳ ಗುಂಪು) ಯಾವುದೇ 180 ದಿನಗಳಲ್ಲಿ 90 ದಿನ ಇರಬಹುದು. ಆರು ತಿಂಗಳಾದರೆ ಲೆಕ್ಕ ಮತ್ತೆ ಸೊನ್ನೆಯಿಂದ ಶುರು ಎಂದುಕೊಂಡು ಎಡವುವವರೇ ಹೆಚ್ಚು.

ಲೆಕ್ಕ ಹೀಗೆ: ಅಲ್ಲಿರುವ ಪ್ರತಿದಿನವೂ ಆ ದಿನವನ್ನೂ ಸೇರಿಸಿಕೊಂಡು 180 ದಿನ ಹಿಂದಕ್ಕೆ ಎಣಿಸಿ, ಅದರೊಳಗೆ ಎಷ್ಟು ದಿನ ಕಳೆದಿದ್ದೀರಿ ನೋಡಿ. ಹೋದ ದಿನ, ಹೊರಟ ದಿನ ಎರಡೂ ಲೆಕ್ಕಕ್ಕೆ ಬರುತ್ತವೆ. ರಾತ್ರಿ 11ಕ್ಕೆ ಇಳಿದರೂ ಅದು ಒಂದು ದಿನವೇ.

2026ರ ಜನವರಿ 10ರಿಂದ ಫೆಬ್ರವರಿ 28ರವರೆಗೆ ಸ್ಪೇನಿನಲ್ಲಿದ್ದರೆ 50 ದಿನ ಮುಗಿಯಿತು. ಮೇ 1ಕ್ಕೆ ಮತ್ತೆ ಹೋದರೆ ಉಳಿದದ್ದು 40. ಜೂನ್ 9ಕ್ಕೆ ಹೊರಡಲೇಬೇಕು. ಜನವರಿ 10 ಲೆಕ್ಕದಿಂದ ಬಿದ್ದುಹೋಗುವುದು ಜುಲೈ 9ಕ್ಕೆ. ಅಂದೇ ಮರಳಬಹುದು, ಆದರೆ ಸಿಗುವುದು ಹೊಸ 90 ಅಲ್ಲ. ದಿನಕ್ಕೊಂದರಂತೆ ಹಳೆಯ 50 ದಿನಗಳು ವಾಪಸ್ ಬರುತ್ತವೆ, ಅಷ್ಟೇ. ಆಗಸ್ಟ್ 27 ಕೊನೆಯ ದಿನ.

ಒಕ್ಕೂಟದಲ್ಲಿಲ್ಲದ ಸ್ವಿಟ್ಜರ್ಲೆಂಡ್, ನಾರ್ವೆ, ಐಸ್‌ಲೆಂಡ್‌ಗಳಲ್ಲಿ ಕಳೆದ ದಿನವೂ ಸೇರುತ್ತದೆ. ಒಕ್ಕೂಟದಲ್ಲೇ ಇರುವ ಐರ್ಲೆಂಡ್, ಸೈಪ್ರಸ್‌ಗಳದ್ದು ಸೇರುವುದಿಲ್ಲ.

ಮೊದಲಾದರೆ ಪಾಸ್‌ಪೋರ್ಟಿನ ಮಸುಕಾದ ಮುದ್ರೆಯ ನೆಪದಲ್ಲಿ ಒಂದೆರಡು ದಿನ ದಾಟಿಹೋಗುತ್ತಿತ್ತು. 2025ರ ಅಕ್ಟೋಬರ್ 12ರಿಂದ ಬರತೊಡಗಿದ ಇಇಎಸ್ ಎಂಬ ಷೆಂಗೆನ್ ಗಡಿಯ ಪ್ರವೇಶ-ನಿರ್ಗಮನ ದಾಖಲೆ ವ್ಯವಸ್ಥೆ ಮುಖದ ಚಿತ್ರ, ಬೆರಳಚ್ಚು ಹಿಡಿದು ದಿನವನ್ನು ತಾನೇ ಎಣಿಸುತ್ತದೆ. 12 ವರ್ಷದೊಳಗಿನ ಮಕ್ಕಳಿಗೆ ಬೆರಳಚ್ಚಿಲ್ಲ. ಡೋವರ್ ಬಂದರಿನಲ್ಲೂ ಲಂಡನ್ನಿನ ಸೇಂಟ್ ಪ್ಯಾಂಕ್ರಾಸ್ ರೈಲು ನಿಲ್ದಾಣದಲ್ಲೂ ಈ ತಪಾಸಣೆ ಬ್ರಿಟನ್ನಿನ ನೆಲದಲ್ಲೇ ನಡೆಯುವುದರಿಂದ ಹೊರಡುವ ಮೊದಲೇ ಸಾಲಿನ ಸಮಯ ಇಟ್ಟುಕೊಳ್ಳಿ.

ಪಾಸ್‌ಪೋರ್ಟಿನಲ್ಲಿ ನೋಡಬೇಕಾದ ತಾರೀಖು ಎರಡು. ಒಳಹೋಗುವ ದಿನಕ್ಕೆ ಅದು ಕೊಟ್ಟು 10 ವರ್ಷ ತುಂಬಿರಬಾರದು. ಷೆಂಗೆನ್ನಿನಿಂದ ಹೊರಡುವ ದಿನದ ನಂತರ 3 ತಿಂಗಳು ಬಾಕಿ ಇರಬೇಕು. 2018ರ ಸೆಪ್ಟೆಂಬರ್‌ವರೆಗೆ ನವೀಕರಿಸಿದವರಿಗೆ ಹಳೆಯದರಲ್ಲಿ ಉಳಿದ ತಿಂಗಳುಗಳನ್ನು, 9ರವರೆಗೂ, ಸೇರಿಸಿ ಕೊಡುತ್ತಿದ್ದರು. 2016ರ ಆಗಸ್ಟ್‌ನಲ್ಲಿ ಕೊಟ್ಟದ್ದರ ಮೇಲೆ 2027ರ ಫೆಬ್ರವರಿ ಎಂದು ಅಚ್ಚಾಗಿದ್ದರೂ 2026ರ ಆಗಸ್ಟ್ ಕಳೆದ ಮೇಲೆ ಅದನ್ನು ಹಿಡಿದು ಷೆಂಗೆನ್ನಿಗೆ ಹೋಗಲಾಗದು. ವಿಮಾನ ಹತ್ತಲೇ ಬಿಡುವುದಿಲ್ಲ.

ಭಾರತದ ಪಾಸ್‌ಪೋರ್ಟಿನಲ್ಲೇ ಬ್ರಿಟನ್ನಿನಲ್ಲಿರುವ ಕನ್ನಡಿಗರಿಗೆ ಷೆಂಗೆನ್ ವೀಸಾ ಮೊದಲೂ ಬೇಕಿತ್ತು, ಈಗಲೂ ಬೇಕು. ವೀಸಾದ ಅವಧಿ ಬೇರೆ, ಇರಬಹುದಾದ ದಿನಗಳ ಸಂಖ್ಯೆ ಬೇರೆ, ಎರಡನ್ನೂ ಮೀರುವಂತಿಲ್ಲ. ಇವರಿಗೆ ನಿಜವಾದ ಅಪಾಯ ಐರ್ಲೆಂಡ್. ಬ್ರಿಟನ್ನಿಗೆ ಸೇರಿದ ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್‌ನಿಂದ ಡಬ್ಲಿನ್ ಬಸ್ ಹತ್ತಿದರೆ ಗಡಿಯಲ್ಲಿ ಗೇಟೂ ಇಲ್ಲ, ಕಾಯಂ ತಪಾಸಣೆಯೂ ಇಲ್ಲ. ಆದರೆ ಆ ಮುಕ್ತ ಓಡಾಟದ ಹಕ್ಕು ಬ್ರಿಟಿಷ್, ಐರಿಷ್ ಪ್ರಜೆಗಳದ್ದು. ಬ್ರಿಟನ್ನಿನ ಕೆಲಸದ ವೀಸಾ ಅಲ್ಲಿ ನಡೆಯದು, ಐರಿಷ್ ವೀಸಾ ಬೇರೆ ಬೇಕು. ಬಿಐವಿಎಸ್ (ಬ್ರಿಟನ್-ಐರ್ಲೆಂಡ್ ಜಂಟಿ ವೀಸಾ ಯೋಜನೆ) ಎಂದು ನಮೂದಾದ ಪ್ರವಾಸಿ ವೀಸಾಕ್ಕೆ ವಿನಾಯಿತಿ ಇದೆ.

ಇನ್ನು ಬುತ್ತಿ. ಬ್ರಿಟನ್ನಿನಿಂದ ಫ್ರಾನ್ಸಿಗೆ ತುಪ್ಪ, ಪನೀರ್, ಮೊಸರು, ಮಾಂಸ ಒಯ್ಯುವಂತಿಲ್ಲ. ಹಸಿ ಕರಿಬೇವಿಗೆ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು, ಬಾಳೆಹಣ್ಣು ತೆಂಗಿನಕಾಯಿಗೆ ಬೇಡ.