ತೇವದ ಆಹಾರವೋ, ಒಣ ಆಹಾರವೋ: ನನ್ನ ಬೆಕ್ಕುಗಳಿಗೆ ನಾನು ಆರಿಸಿದ ಬಗೆ

ಬೆಕ್ಕಿನ ಆಹಾರದ ಪೊಟ್ಟಣವನ್ನು ಕೈಗೆತ್ತಿಕೊಂಡವರು ಸಾಮಾನ್ಯವಾಗಿ ಮೊದಲು ಹುಡುಕುವುದು ಪ್ರೊಟೀನಿನ ಅಂಕಿಯನ್ನು. ನಾನು ಮೊದಲು ನೋಡುವುದು ತೇವಾಂಶವನ್ನು. ಕಾಳಿನ ರೂಪದ ಒಣ ಆಹಾರದಲ್ಲಿ ನೀರು ಶೇಕಡಾ 6ರಿಂದ 10ರಷ್ಟು ಮಾತ್ರ ಇರುತ್ತದೆ. ಡಬ್ಬಿಯಲ್ಲೋ ಪೌಚಿನಲ್ಲೋ ಬರುವ ತೇವದ ಆಹಾರದಲ್ಲಿ ಅದು ಶೇಕಡಾ 75ರಿಂದ 80ರ ಆಸುಪಾಸಿನಲ್ಲಿರುತ್ತದೆ. ಮನೆಬೆಕ್ಕಿನ ಪೂರ್ವಜ ಆಫ್ರಿಕಾದ ಕಾಡುಬೆಕ್ಕು. ಒಣಪ್ರದೇಶಗಳಲ್ಲಿ ಬದುಕಿದ ಆ ಪ್ರಾಣಿಗೆ ಬೇಕಾದ ನೀರಿನ ಬಹುಪಾಲು ಬೇಟೆಯ ಮಾಂಸದಿಂದಲೇ ದೊರೆಯುತ್ತಿತ್ತು. ಆದ್ದರಿಂದ ಬೆಕ್ಕಿಗೆ ಬಾಯಾರಿಕೆಯ ಪ್ರಚೋದನೆ ಕಡಿಮೆ, ಮೂತ್ರವನ್ನು ಗಾಢವಾಗಿಸಿ ನೀರನ್ನು ಉಳಿಸಿಕೊಳ್ಳುವ ಸಾಮರ್ಥ್ಯ ಹೆಚ್ಚು. ಒಣ ಆಹಾರ ತಿನ್ನುವ ಬೆಕ್ಕು ಬಟ್ಟಲಿನಿಂದ ಹೆಚ್ಚು ನೀರು ಕುಡಿಯುತ್ತದೆ ಎಂಬುದು ನಿಜವೇ. ಆದರೂ ಒಟ್ಟು ಲೆಕ್ಕದಲ್ಲಿ ಅದರ ದೇಹಕ್ಕೆ ಸೇರುವ ನೀರು, ತೇವದ ಆಹಾರ ತಿನ್ನುವ ಬೆಕ್ಕಿಗೆ ಸಿಗುವಷ್ಟು ಆಗುವುದಿಲ್ಲ.

ಈ ವ್ಯತ್ಯಾಸ ಎಷ್ಟು ದೊಡ್ಡದೆಂಬುದು ನನಗೆ ಮನವರಿಕೆಯಾದದ್ದು ಲೆಕ್ಕ ಹಾಕಿ ನೋಡಿದಾಗ. ನಾಲ್ಕು ಕಿಲೋ ತೂಕದ, ಸಂತಾನಹರಣ ಶಸ್ತ್ರಚಿಕಿತ್ಸೆಯಾದ, ಮನೆಯೊಳಗೇ ಇರುವ ಬೆಕ್ಕಿಗೆ ದಿನಕ್ಕೆ ಸುಮಾರು 220 ಕಿಲೋ ಕ್ಯಾಲೊರಿ ಬೇಕೆಂದುಕೊಳ್ಳೋಣ. ಗ್ರಾಮಿಗೆ 3.8 ಕಿಲೋ ಕ್ಯಾಲೊರಿ ಇರುವ ಒಣ ಆಹಾರವಾದರೆ 58 ಗ್ರಾಂ ಸಾಕು. ಅದರೊಳಗಿನ ನೀರು ಐದಾರು ಮಿಲಿಲೀಟರು. ಗ್ರಾಮಿಗೆ 0.85 ಕಿಲೋ ಕ್ಯಾಲೊರಿ ಇರುವ ತೇವದ ಆಹಾರವಾದರೆ ಸುಮಾರು 260 ಗ್ರಾಂ ಬೇಕಾಗುತ್ತದೆ, ಅದರೊಂದಿಗೆ 200 ಮಿಲಿಲೀಟರಿನಷ್ಟು ನೀರು ತಾನಾಗಿ ಒಳಹೋಗುತ್ತದೆ. ಆ ಗಾತ್ರದ ಬೆಕ್ಕಿಗೆ ಒಂದು ದಿನಕ್ಕೆ ಬೇಕಾಗುವ ನೀರು ಹೆಚ್ಚುಕಡಿಮೆ ಅಷ್ಟೇ.

ನಮ್ಮ ಗಂಡು ಬೆಕ್ಕಿನ ವಿಷಯದಲ್ಲಿ ಈ ಲೆಕ್ಕವೇ ನಿರ್ಣಾಯಕವಾಯಿತು. ಅದು ಒಣ ಆಹಾರವನ್ನೇ ತಿನ್ನುತ್ತಿದ್ದ ಕಾಲದಲ್ಲಿ ಮರಳಿನ ತಟ್ಟೆಗೆ ಪದೇ ಪದೇ ಹೋಗಿ, ಬಹಳ ಹೊತ್ತು ಕುಳಿತು, ಕೆಲವೇ ಹನಿ ಮೂತ್ರ ಮಾಡಲಾರಂಭಿಸಿತು. ಪಶುವೈದ್ಯರು ಮೂತ್ರ ಪರೀಕ್ಷೆಯನ್ನೂ ಸ್ಕ್ಯಾನನ್ನೂ ಮಾಡಿ, ಕಲ್ಲಾಗಲಿ ಸೋಂಕಾಗಲಿ ಇಲ್ಲವೆಂದೂ, ಇದು ನಿರ್ದಿಷ್ಟ ಕಾರಣ ಸಿಗದ ಮೂತ್ರಕೋಶದ ಉರಿಯೂತವೆಂದೂ ಹೇಳಿದರು. ಬೆಕ್ಕುಗಳಲ್ಲಿ ಇದು ಅಪರೂಪವಲ್ಲ. ದೇಹಕ್ಕೆ ಹೋಗುವ ನೀರನ್ನು ಹೆಚ್ಚಿಸಿ ಮೂತ್ರವನ್ನು ತೆಳುವಾಗಿಸುವುದು ಮತ್ತು ಮನೆಯಲ್ಲಿ ಅದಕ್ಕೆ ಒತ್ತಡ ಉಂಟುಮಾಡುವ ಸಂಗತಿಗಳನ್ನು ಕಡಿಮೆ ಮಾಡುವುದು, ಇವೆರಡೂ ಅವರ ಸಲಹೆಯಾಗಿದ್ದವು. ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು: ಗಂಡು ಬೆಕ್ಕಿನ ಮೂತ್ರನಾಳ ಬಹಳ ಕಿರಿದು. ಅದು ಪೂರ್ತಿ ಕಟ್ಟಿಕೊಂಡರೆ ಒಂದೆರಡು ದಿನಗಳಲ್ಲಿ ಪ್ರಾಣವೇ ಹೋಗಬಹುದು. ಪ್ರಯತ್ನಿಸಿದರೂ ಮೂತ್ರ ಬಾರದ ಗಂಡು ಬೆಕ್ಕನ್ನು ಆ ಕ್ಷಣವೇ ವೈದ್ಯರ ಬಳಿಗೆ ಒಯ್ಯಬೇಕು. ಆಹಾರದ ಬದಲಾವಣೆ ಅದಕ್ಕೆ ಚಿಕಿತ್ಸೆಯಲ್ಲ.

ಅಂದಿನಿಂದ ಅದರ ಕ್ಯಾಲೊರಿಯ ಮೂರರಲ್ಲಿ ಎರಡು ಪಾಲು ತೇವದ ಆಹಾರದಿಂದಲೇ ಬರುವಂತೆ ನೋಡಿಕೊಂಡಿದ್ದೇನೆ. ಬೆಳಿಗ್ಗೆ ಮತ್ತು ಸಂಜೆ ಕೊಡುವ ತೇವದ ಆಹಾರಕ್ಕೆ ಒಂದೆರಡು ಚಮಚ ಬಿಸಿನೀರು ಬೆರೆಸುತ್ತೇನೆ; ಇದರಿಂದ ನೀರೂ ಹೆಚ್ಚಾಗುತ್ತದೆ, ಫ್ರಿಜ್ಜಿನ ತಣ್ಣಗೂ ಹೋಗಿ ವಾಸನೆ ಏಳುತ್ತದೆ. ಬೆಕ್ಕು ಆಹಾರವನ್ನು ಒಪ್ಪುವುದರಲ್ಲಿ ಮೂಗಿನ ಪಾತ್ರ ದೊಡ್ಡದು. ಮರಳಿನ ತಟ್ಟೆಯಲ್ಲಿ ಮೂತ್ರದಿಂದಾಗುವ ಗಟ್ಟಿಗಳು ಮೊದಲಿಗಿಂತ ದೊಡ್ಡದಾದದ್ದು ನನಗೆ ಸಿಕ್ಕ ಮೊದಲ ಸಾಕ್ಷಿ. ಆ ತೊಂದರೆ ಮತ್ತೆ ಆ ತೀವ್ರತೆಯಲ್ಲಿ ಕಾಣಿಸಿಕೊಂಡಿಲ್ಲ. ಅದರ ಶ್ರೇಯಸ್ಸು ಆಹಾರಕ್ಕೆ ಮಾತ್ರ ಸಲ್ಲುತ್ತದೆಂದು ನಾನು ಹೇಳಲಾರೆ, ಏಕೆಂದರೆ ಅದೇ ಸಮಯದಲ್ಲಿ ಮತ್ತೊಂದು ಮರಳಿನ ತಟ್ಟೆಯನ್ನೂ, ಎತ್ತರದಲ್ಲಿ ಅಡಗಿ ಮಲಗುವ ಜಾಗವನ್ನೂ ಮಾಡಿಕೊಟ್ಟಿದ್ದೆ.

ಯಾವ ಬ್ರ್ಯಾಂಡ್ ಆರಿಸಬೇಕೆಂದು ನೋಡುವಾಗ ಅಂಕಿಗಳನ್ನು ಹಾಗೆಯೇ ಹೋಲಿಸಬಾರದು. ಒಣ ಆಹಾರದ ಮೇಲೆ ಪ್ರೊಟೀನ್ ಶೇಕಡಾ 32 ಎಂದಿರುತ್ತದೆ, ತೇವದ ಆಹಾರದ ಮೇಲೆ ಶೇಕಡಾ 10 ಎಂದಿರುತ್ತದೆ. ನೋಡಿದೊಡನೆ ಎರಡನೆಯದು ಬಡಕಲು ಎನಿಸುತ್ತದೆ. ನೀರನ್ನು ತೆಗೆದು ನೋಡಿದರೆ ಚಿತ್ರ ಬದಲಾಗುತ್ತದೆ. ತೇವಾಂಶ ಶೇಕಡಾ 80 ಇರುವಲ್ಲಿ ಉಳಿಯುವ 20 ಪಾಲಿನಲ್ಲಿ 10 ಪಾಲು ಪ್ರೊಟೀನ್, ಅಂದರೆ ಒಣತೂಕದ ಶೇಕಡಾ 50. ತೇವಾಂಶ ಶೇಕಡಾ 8 ಇರುವ ಒಣ ಆಹಾರದಲ್ಲಿ 92ರಲ್ಲಿ 32, ಅಂದರೆ ಸುಮಾರು ಶೇಕಡಾ 35. ಪ್ರೊಟೀನ್, ಕೊಬ್ಬು, ನಾರು, ಬೂದಿ (ಅಂದರೆ ಖನಿಜಾಂಶ) ಮತ್ತು ತೇವಾಂಶಗಳನ್ನು ಕೂಡಿಸಿ ನೂರರಿಂದ ಕಳೆದರೆ ಲೇಬಲ್ಲಿನ ಮೇಲೆ ಸಾಮಾನ್ಯವಾಗಿ ನಮೂದಾಗದ ಪಿಷ್ಟದ ಪ್ರಮಾಣವೂ ಅಂದಾಜಿಗೆ ಸಿಗುತ್ತದೆ. ಒಣ ಆಹಾರದ ಕಾಳು ಆಕಾರ ತಳೆಯಲು ಪಿಷ್ಟ ಬೇಕಾಗುವುದರಿಂದ ಅದರಲ್ಲಿ ಪಿಷ್ಟ ಸಾಮಾನ್ಯವಾಗಿ ಹೆಚ್ಚಿರುತ್ತದೆ. ಬೇಯಿಸಿದ ಪಿಷ್ಟವನ್ನು ಆರೋಗ್ಯವಂತ ಬೆಕ್ಕು ಜೀರ್ಣಿಸಿಕೊಳ್ಳಬಲ್ಲದು, ಆದ್ದರಿಂದ ಅದನ್ನು ವಿಷವೆಂದು ಹೇಳುವವರ ಮಾತನ್ನು ನಾನು ಒಪ್ಪುವುದಿಲ್ಲ. ಮಧುಮೇಹವಿರುವ ಬೆಕ್ಕಿನ ವಿಷಯ ಬೇರೆ. ಅಲ್ಲಿ ಪಿಷ್ಟ ಕಡಿಮೆಯಿರುವ ತೇವದ ಆಹಾರಕ್ಕೆ ವೈದ್ಯರು ಒಲವು ತೋರುತ್ತಾರೆ.

ತೇವವಿರಲಿ, ಒಣದಿರಲಿ, ಅದು ಬೇಕಾದ ಪೋಷಕಾಂಶಗಳೆಲ್ಲ ಇರುವ ಸಂಪೂರ್ಣ ಆಹಾರವೋ, ಬೇರೆ ಊಟದ ಜೊತೆಗಷ್ಟೇ ಕೊಡಬೇಕಾದ ಪೂರಕ ಆಹಾರವೋ ಎಂಬುದನ್ನು ಲೇಬಲ್ಲಿನಲ್ಲಿ ಓದದೆ ನಾನು ಕೊಳ್ಳುವುದಿಲ್ಲ. ಮಾಂಸದ ಚೂರುಗಳು ಎದ್ದು ಕಾಣುವ ಎಷ್ಟೋ ಪೌಚುಗಳು ಪೂರಕ ಮಾತ್ರ. ಮಾಂಸದಲ್ಲಿ ಸಿಗುವ ಟಾರಿನ್ ಎಂಬ ಅಮೈನೋ ಆಮ್ಲವನ್ನು ಬೆಕ್ಕು ತನಗೆ ಬೇಕಾದಷ್ಟು ತಯಾರಿಸಿಕೊಳ್ಳಲಾರದು. ಅದರ ಕೊರತೆಯಿಂದ ಕಣ್ಣಿನ ಅಕ್ಷಿಪಟಲ ಹಾಳಾಗುತ್ತದೆ, ಹೃದಯದ ಸ್ನಾಯು ಸಡಿಲವಾಗಿ ಹಿಗ್ಗುತ್ತದೆ. ಹೃದಯದ ಆ ಕಾಯಿಲೆಗೂ ಟಾರಿನಿನ ಕೊರತೆಗೂ ಇರುವ ನಂಟು 1987ರಲ್ಲಿ ಖಚಿತವಾದ ಮೇಲೆ ತಯಾರಕರು ಅದರ ಪ್ರಮಾಣವನ್ನು ಹೆಚ್ಚಿಸಿದರು, ಆ ಕಾಯಿಲೆಯೂ ವಿರಳವಾಯಿತು. ಪೂರಕ ಆಹಾರವನ್ನೇ ನಿತ್ಯದ ಊಟವನ್ನಾಗಿಸಿದರೆ ಆ ಭದ್ರತೆ ಕೈತಪ್ಪುತ್ತದೆ.

ನಮ್ಮ ಹೆಣ್ಣು ಬೆಕ್ಕು ವಯಸ್ಸಾದದ್ದು, ಮರಿಯಾಗಿದ್ದಾಗಿನಿಂದ ಒಣ ಕಾಳನ್ನೇ ತಿಂದು ಬೆಳೆದದ್ದು. ಚಿಕ್ಕಂದಿನಲ್ಲಿ ಬಾಯಿಗೆ ಪರಿಚಯವಾದ ಹದವನ್ನೇ ಬೆಕ್ಕು ಆಹಾರವೆಂದು ಗುರುತಿಸುವುದರಿಂದ ಅದನ್ನು ಬದಲಿಸಲು ತಾಳ್ಮೆ ಬೇಕಾಯಿತು. ಸಾಮಾನ್ಯವಾಗಿ ಏಳರಿಂದ ಹತ್ತು ದಿನಗಳಲ್ಲಿ ಹಳೆಯದನ್ನು ತಗ್ಗಿಸುತ್ತ ಹೊಸದನ್ನು ಏರಿಸಬೇಕೆಂದು ಹೇಳುತ್ತಾರೆ, ಆದರೆ ಇದಕ್ಕೆ ಹಲವು ವಾರಗಳೇ ಹಿಡಿದವು. ಮೊದಲು ದಿನವಿಡೀ ತುಂಬಿರುತ್ತಿದ್ದ ಬಟ್ಟಲನ್ನು ತೆಗೆದು ಊಟಕ್ಕೆ ಹೊತ್ತು ಗೊತ್ತುಮಾಡಿದೆ. ಅನಂತರ ಒಂದು ಚಮಚದಷ್ಟು ತೇವದ ಆಹಾರವನ್ನು ಬೆಚ್ಚಗೆ ಮಾಡಿ ಕಾಳಿನ ಪಕ್ಕದಲ್ಲಿ, ಬೇರೆಯೇ ತಟ್ಟೆಯಲ್ಲಿ ಇಟ್ಟೆ. ಅದು ಮೂಸಿ ಹೋದರೂ ಸರಿಯೇ. ಮುಂದೆ ಕಾಳನ್ನು ಪುಡಿಮಾಡಿ ಅದರ ಮೇಲೆ ಉದುರಿಸಿದೆ. ಸಾರಿನಲ್ಲಿ ತೇಲುವ ಚೂರುಗಳನ್ನು ಅದು ಕೊನೆಯವರೆಗೂ ಒಪ್ಪಲಿಲ್ಲ, ನುಣ್ಣಗೆ ಅರೆದ ಪಾಟೆಯನ್ನು ಒಪ್ಪಿಕೊಂಡಿತು. ಹಸಿವಾದರೆ ತಾನೇ ತಿನ್ನುತ್ತದೆ ಎಂಬ ಮಾತನ್ನು ಮಾತ್ರ ನಾನು ಕೇಳಲಿಲ್ಲ. ಬೆಕ್ಕು, ಅದರಲ್ಲೂ ದಪ್ಪಗಿರುವ ಬೆಕ್ಕು, ಕೆಲವು ದಿನ ಉಪವಾಸವಿದ್ದರೆ ಯಕೃತ್ತಿನಲ್ಲಿ ಕೊಬ್ಬು ತುಂಬಿಕೊಂಡು ಜೀವಕ್ಕೇ ಅಪಾಯವಾಗುತ್ತದೆ. ಇಡೀ ದಿನ ಏನನ್ನೂ ತಿನ್ನದಿದ್ದರೆ ಹಳೆಯ ಆಹಾರಕ್ಕೆ ಮರಳಿ ವೈದ್ಯರಿಗೆ ತಿಳಿಸಬೇಕೆಂಬುದು ನಾನು ಹಾಕಿಕೊಂಡ ನಿಯಮ. ಈಗ ಅದು ಅರ್ಧ ಕ್ಯಾಲೊರಿಯನ್ನು ಒಣದರಿಂದ, ಅರ್ಧವನ್ನು ತೇವದಿಂದ ಪಡೆಯುತ್ತದೆ. ಅದಕ್ಕಿಂತ ಮುಂದೆ ಒತ್ತಾಯಿಸಿಲ್ಲ. ವಯಸ್ಸಾದ ಬೆಕ್ಕು ಸಂತೋಷದಿಂದ ಊಟ ಮಾಡುವುದೂ ಆರೋಗ್ಯದ ಭಾಗವೇ.

ಒಣ ಆಹಾರವನ್ನು ಮನೆಯಿಂದ ಹೊರಗಿಡಲು ನನಗೆ ಮನಸ್ಸಿಲ್ಲ. ಬೆಕ್ಕಿನ ಸ್ವಭಾವವೇ ದಿನವಿಡೀ ಸ್ವಲ್ಪ ಸ್ವಲ್ಪವಾಗಿ ತಿನ್ನುವುದು. ತೇವದ ಆಹಾರವನ್ನು ಬಟ್ಟಲಿನಲ್ಲಿ ಗಂಟೆಗಟ್ಟಲೆ ಬಿಡಲಾಗದು, ಒಂದೆರಡು ಗಂಟೆಯಲ್ಲಿ ಉಳಿದದ್ದನ್ನು ಎಸೆಯಲೇಬೇಕು. ತೆರೆದ ಡಬ್ಬಿಯನ್ನು ಮುಚ್ಚಿ ಫ್ರಿಜ್ಜಿನಲ್ಲಿಟ್ಟು ಎರಡು ಮೂರು ದಿನಗಳಲ್ಲಿ ಮುಗಿಸುತ್ತೇನೆ. ಒಣ ಕಾಳನ್ನಾದರೆ, ಕಾಲಿನಿಂದ ಉರುಳಿಸಿದಾಗ ಒಂದೊಂದೇ ಬೀಳುವ ಆಟಿಕೆಯಲ್ಲಿ ತುಂಬಿ ರಾತ್ರಿಗೆ ಬಿಡುತ್ತೇನೆ. ಬೇಟೆಯ ಬುದ್ಧಿಗೂ ಅದು ಕೆಲಸ ಕೊಡುತ್ತದೆ. ಒಣ ಆಹಾರ ಹಲ್ಲನ್ನು ಸ್ವಚ್ಛಗೊಳಿಸುತ್ತದೆಂಬ ನಂಬಿಕೆಗೆ ನಾನು ಬೆಲೆ ಕೊಡುವುದಿಲ್ಲ. ಹಲ್ಲಿಗೆಂದೇ ರೂಪಿಸಿದ ದೊಡ್ಡ ಕಾಳುಗಳನ್ನು ಬಿಟ್ಟರೆ ಉಳಿದವು ಕಚ್ಚಿದೊಡನೆ ಪುಡಿಯಾಗುತ್ತವೆ, ಎಷ್ಟೋ ಬೆಕ್ಕುಗಳು ಅವನ್ನು ಹಾಗೆಯೇ ನುಂಗುತ್ತವೆ. ಹಲ್ಲಿಗೆ ಬ್ರಷ್ಷೇ ಬೇಕು.

ಒಣ ಆಹಾರದ ನಿಜವಾದ ಅಪಾಯ ಅಳತೆಯಲ್ಲಿದೆ. ಕಣ್ಣಂದಾಜಿನಲ್ಲಿ 10 ಗ್ರಾಂ ಹೆಚ್ಚು ಬಿದ್ದರೆ ಸುಮಾರು 38 ಕಿಲೋ ಕ್ಯಾಲೊರಿ ಹೆಚ್ಚಾಯಿತು, ಅಂದರೆ 220ರ ಲೆಕ್ಕದಲ್ಲಿ ದಿನದ ಅಗತ್ಯದ ಆರನೇ ಒಂದು ಪಾಲಿಗಿಂತಲೂ ಅಧಿಕ. ಹೀಗಾಗಿ ಲೋಟದ ಅಳತೆಯನ್ನು ಬಿಟ್ಟು ಅಡುಗೆಮನೆಯ ತಕ್ಕಡಿಯಲ್ಲಿ ಗ್ರಾಂ ಲೆಕ್ಕದಲ್ಲಿ ತೂಗಿಯೇ ಹಾಕುತ್ತೇನೆ. ಗಂಡು ಬೆಕ್ಕಿಗೆ ತೇವದ ಆಹಾರ 175 ಗ್ರಾಂ, ಒಣದು 18 ಗ್ರಾಂ. ಪ್ರತಿ ತಿಂಗಳೂ ಎರಡು ಬೆಕ್ಕುಗಳನ್ನೂ ತೂಗಿ ಬರೆದಿಡುತ್ತೇನೆ. ತೂಕ ಏರಿದರೆ ಮೊದಲು ತಗ್ಗಿಸುವುದು ಒಣ ಕಾಳನ್ನು, ವಯಸ್ಸಾದ ಬೆಕ್ಕಿನ ತೂಕ ಕಾರಣವಿಲ್ಲದೆ ಇಳಿದರೆ ಅಥವಾ ಅದು ಇದ್ದಕ್ಕಿದ್ದಂತೆ ಹೆಚ್ಚು ನೀರು ಕುಡಿಯತೊಡಗಿದರೆ, ಆಹಾರವನ್ನು ಮುಟ್ಟುವ ಮೊದಲು ಮೂತ್ರಪಿಂಡ, ಥೈರಾಯ್ಡ್ ಮತ್ತು ಸಕ್ಕರೆಯ ಪರೀಕ್ಷೆಗಳನ್ನು ಮಾಡಿಸುತ್ತೇನೆ.