ಏಳು ವಾರ ಕಡಲ ಮೇಲೆ: ದೀರ್ಘ ಹಡಗುಯಾನಕ್ಕೆ ಸಾಮಾನು ಜೋಡಿಸುವ ಬಗೆ

ನಿವೃತ್ತಿಯ ನಂತರ ನಾನು ಮತ್ತು ನನ್ನ ಯಜಮಾನರು ಕೈಗೊಂಡ ಅತಿ ದೊಡ್ಡ ಪ್ರವಾಸವೆಂದರೆ ಅಮೆರಿಕದ ಫ್ಲೋರಿಡಾ ರಾಜ್ಯದ ಫೋರ್ಟ್ ಲಾಡರ್‌ಡೇಲ್ ಬಂದರಿನಿಂದ ಆಸ್ಟ್ರೇಲಿಯಾದ ಸಿಡ್ನಿಯವರೆಗಿನ ಏಳು ವಾರಗಳ ಹಡಗುಯಾನ. ಜಗತ್ತನ್ನು ಸುತ್ತುವ ಐಷಾರಾಮಿ ಹಡಗುಗಳು ಹೆಚ್ಚಾಗಿ ಜನವರಿಯಲ್ಲಿ ಹೊರಡುತ್ತವೆ. ಪೂರ್ತಿ ಸುತ್ತಿಗೆ ನೂರಕ್ಕೂ ಹೆಚ್ಚು ದಿನಗಳು ಹಿಡಿಯುವುದರಿಂದ ಅದರ ಒಂದು ಭಾಗಕ್ಕೆ ಮಾತ್ರ ಟಿಕೆಟ್ ಕೊಳ್ಳುವ ಅವಕಾಶವೂ ಇರುತ್ತದೆ. ನಾವು ಆರಿಸಿಕೊಂಡ ಭಾಗದಲ್ಲಿ ಕೊಲಂಬಿಯಾದ ಕಾರ್ಟಹೇನಾ, ಪನಾಮಾ ಕಾಲುವೆ, ಪೆಸಿಫಿಕ್ ಸಾಗರದ ದ್ವೀಪಗಳಾದ ತಾಹಿತಿ ಮತ್ತು ಬೋರಾ ಬೋರಾ, ಹಾಗೂ ನ್ಯೂಜಿಲೆಂಡ್ ಇದ್ದವು. ಹೊರಡುವ ಮುನ್ನ ನಾನು ಮಾಡಿದ ಸಾಮಾನಿನ ಪಟ್ಟಿಗೂ, ಮನೆಗೆ ಬಂದ ಮೇಲೆ ಬರೆದಿಟ್ಟುಕೊಂಡ ಪಟ್ಟಿಗೂ ಬಹಳ ವ್ಯತ್ಯಾಸವಿದೆ. ಇಂಥ ಯಾನಕ್ಕೆ ಹೊರಟಿರುವವರಿಗೆ ನೆರವಾಗಲೆಂದು ಆ ಎರಡನೆಯ ಪಟ್ಟಿಯನ್ನು ಕಾರಣಗಳ ಸಮೇತ ಇಲ್ಲಿ ಕೊಡುತ್ತಿದ್ದೇನೆ.

ಸೂಟ್‌ಕೇಸ್ ತೆರೆಯುವ ಮೊದಲು ಯಾನದ ವೇಳಾಪಟ್ಟಿಯನ್ನು ಮುಂದಿಟ್ಟುಕೊಂಡು, ಹಡಗು ಯಾವ ಬಂದರಿನಲ್ಲೂ ನಿಲ್ಲದ ದಿನಗಳು ಎಷ್ಟೆಂದು ಎಣಿಸಿಕೊಳ್ಳಿ. ಪನಾಮಾದಿಂದ ತಾಹಿತಿಯ ರಾಜಧಾನಿ ಪಾಪೀಟೆಗೆ ಸುಮಾರು 4,500 ನಾಟಿಕಲ್ ಮೈಲಿ ದೂರವಿದೆ. ಗಂಟೆಗೆ 18 ನಾಟಿಕಲ್ ಮೈಲಿಯ ವೇಗದಲ್ಲಿ ಹಡಗು ದಿನವೊಂದಕ್ಕೆ 432 ಮೈಲಿ ಸಾಗುತ್ತದೆ ಎಂದರೆ, ನಡುವೆ ಎಲ್ಲಿಯೂ ನಿಲ್ಲದಿದ್ದಲ್ಲಿ ಹತ್ತು ದಿನಗಳಿಗೂ ಹೆಚ್ಚು ಕಾಲ ನೆಲವೇ ಕಾಣುವುದಿಲ್ಲ. ಹಡಗಿನಲ್ಲಿ ಅಂಗಡಿಗಳಿರುವುದು ನಿಜ, ಆದರೆ ಅಲ್ಲಿ ಸುಗಂಧದ್ರವ್ಯ, ಕೈಗಡಿಯಾರ, ಒಡವೆಗಳು ಸಿಗುತ್ತವೆಯೇ ಹೊರತು ನಿಮ್ಮ ಕಾಲಿನ ಅಳತೆಯ ಚಪ್ಪಲಿಯಾಗಲಿ, ನಿಮ್ಮ ಪವರಿನ ಕನ್ನಡಕವಾಗಲಿ, ನೀವು ನಿತ್ಯ ನುಂಗುವ ಮಾತ್ರೆಯಾಗಲಿ ಸಿಗುವುದಿಲ್ಲ. ಆದ್ದರಿಂದ ಊರು ನೋಡಲು ಇಳಿದಾಗ ಏನು ಉಡಬೇಕು ಎಂಬ ಯೋಚನೆ ಎರಡನೆಯದಾಗಲಿ. ಹತ್ತು ದಿನ ಅಂಗಡಿಯೇ ಇಲ್ಲದ ಕಡೆ ವಾಸವಾಗಿದ್ದರೆ ಏನಿಲ್ಲದೆ ಕಷ್ಟವಾಗುತ್ತದೆ ಎಂಬುದನ್ನು ಮೊದಲು ಯೋಚಿಸಬೇಕು. ಹೀಗೆ ನೋಡಿದಾಗ ಬಟ್ಟೆ ಕಡಿಮೆಯಾಗಿ, ಔಷಧ, ಕಾಗದಪತ್ರ ಮತ್ತು ಸಣ್ಣಪುಟ್ಟ ಉಪಯುಕ್ತ ವಸ್ತುಗಳಿಗೆ ಜಾಗ ಸಿಗುತ್ತದೆ.

ತೂಕದ ವಿಷಯದಲ್ಲಿ ಹಡಗಿನವರು ಸಾಮಾನ್ಯವಾಗಿ ಉದಾರಿಗಳು, ನಿಜವಾದ ಮಿತಿ ವಿಮಾನದ್ದು. ಅಮೆರಿಕಕ್ಕೆ ಹೋಗುವ ವಿಮಾನಗಳಲ್ಲಿ ಹೆಚ್ಚಾಗಿ ಇಂತಿಷ್ಟು ಪೆಟ್ಟಿಗೆ, ಒಂದೊಂದಕ್ಕೆ 23 ಕಿಲೋ ಎಂಬ ಲೆಕ್ಕವಿದ್ದರೆ, ಆಸ್ಟ್ರೇಲಿಯಾದಿಂದ ಬರುವ ವಿಮಾನದಲ್ಲಿ ಒಟ್ಟು ತೂಕದ ಲೆಕ್ಕವಿರಬಹುದು. ಹೋಗುವಾಗ ಎರಡು ಪೆಟ್ಟಿಗೆ ಸಲೀಸಾಗಿ ಸಾಗಿಸಿದವರು ಬರುವಾಗ ಹೆಚ್ಚುವರಿ ಹಣ ತೆರಬೇಕಾಗುವುದು ಈ ಕಾರಣದಿಂದ. ಹಿಂದಿರುಗುವ ಟಿಕೆಟ್ಟಿನ ನಿಯಮವನ್ನು ಮೊದಲು ಓದಿ, ಅದಕ್ಕಿಂತ ಐದು ಕಿಲೋ ಕಡಿಮೆ ಇರುವಂತೆ ಸಾಮಾನು ಕಟ್ಟಿ. ಖಾಲಿಯಾದ ಸೂಟ್‌ಕೇಸನ್ನು ಕ್ಯಾಬಿನ್ನಿನ ಮಂಚದ ಕೆಳಗೆ ತಳ್ಳಿಬಿಡಬಹುದು.

ಕಾಗದಪತ್ರಗಳ ಕೈಚೀಲ ಎಂದಿಗೂ ನಿಮ್ಮ ಕೈಯಿಂದ ದೂರವಾಗಬಾರದು. ಬಂದರಿನಲ್ಲಿ ದೊಡ್ಡ ಪೆಟ್ಟಿಗೆಗಳನ್ನು ಸಿಬ್ಬಂದಿ ಒಯ್ಯುತ್ತಾರೆ, ಅವು ಕ್ಯಾಬಿನ್ ತಲಪುವಷ್ಟರಲ್ಲಿ ಸಂಜೆಯಾಗಬಹುದು. ಪಾಸ್‌ಪೋರ್ಟಿಗೆ ಪ್ರಯಾಣ ಮುಗಿದ ಮೇಲೂ ಕನಿಷ್ಠ ಆರು ತಿಂಗಳ ಅವಧಿ ಉಳಿದಿರಲಿ, ಖಾಲಿ ಪುಟಗಳೂ ಇರಲಿ. ಕೆಲವು ಹಡಗುಗಳಲ್ಲಿ ಪಾಸ್‌ಪೋರ್ಟನ್ನು ಕಚೇರಿಯವರೇ ಇಟ್ಟುಕೊಳ್ಳುವುದರಿಂದ ಅದರ ಎರಡು ನಕಲು ಪ್ರತಿಗಳನ್ನು ಜೊತೆಗಿಟ್ಟುಕೊಳ್ಳಿ. ಭಾರತದ ಪಾಸ್‌ಪೋರ್ಟ್ ಇರುವವರು ಪ್ರತಿಯೊಂದು ದೇಶದ ವೀಸಾ ನಿಯಮವನ್ನೂ ಬೇರೆಬೇರೆಯಾಗಿ ನೋಡಬೇಕು. ತಾಹಿತಿ ಮತ್ತು ಬೋರಾ ಬೋರಾ ಫ್ರಾನ್ಸಿನ ಆಡಳಿತಕ್ಕೆ ಸೇರಿದ್ದರೂ, ಯೂರೋಪಿನ ಹಲವು ದೇಶಗಳಿಗೆ ಒಂದೇ ವೀಸಾ ಸಾಕಾಗುವ ಷೆಂಗೆನ್ ವಲಯದೊಳಗಿಲ್ಲ, ಹಾಗಾಗಿ ಕೈಯಲ್ಲಿರುವ ಷೆಂಗೆನ್ ವೀಸಾ ಸಾಕೆಂದು ತಾವಾಗಿಯೇ ತೀರ್ಮಾನಿಸಿಕೊಳ್ಳಬೇಡಿ.

ಹಳದಿ ಜ್ವರದ ಲಸಿಕೆಯ ಬಗ್ಗೆ ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಕೊಲಂಬಿಯಾ ಮತ್ತು ಪನಾಮಾ ಈ ಜ್ವರದ ಅಪಾಯವಿರುವ ದೇಶಗಳ ಪಟ್ಟಿಯಲ್ಲಿವೆ. ಅಂಥ ದೇಶವನ್ನು ಬಿಟ್ಟ ಆರು ದಿನಗಳೊಳಗೆ ಪ್ರಮಾಣಪತ್ರವಿಲ್ಲದೆ ಭಾರತಕ್ಕೆ ಬಂದಿಳಿದವರನ್ನು ಆರು ದಿನಗಳವರೆಗೆ ಪ್ರತ್ಯೇಕವಾಗಿ ಇರಿಸುವ ನಿಯಮವಿದೆ. ನಾವು ಸಿಡ್ನಿಯ ಮೂಲಕ ವಾರಗಳ ನಂತರ ಹಿಂದಿರುಗುವವರಾದ್ದರಿಂದ ಈ ನಿಯಮ ನಮಗೆ ತಗುಲುವುದಿಲ್ಲ ಎಂದು ಮೊದಲು ಅನ್ನಿಸಿತ್ತು. ಆದರೆ ಮನೆಯಲ್ಲಿ ಯಾರಿಗಾದರೂ ಹುಷಾರಿಲ್ಲವೆಂದು ಯಾನವನ್ನು ಅರ್ಧಕ್ಕೇ ಬಿಟ್ಟು ಪನಾಮಾದಿಂದ ನೇರವಾಗಿ ಊರಿಗೆ ಧಾವಿಸಬೇಕಾದರೆ ಆ ಆರು ದಿನಗಳು ಎಷ್ಟು ದೊಡ್ಡವಾಗುತ್ತವೆ ಎಂಬುದನ್ನು ಯೋಚಿಸಿ. ಲಸಿಕೆ ಹಾಕಿಸಿಕೊಂಡ ಹತ್ತು ದಿನಗಳ ನಂತರ ಪ್ರಮಾಣಪತ್ರ ಊರ್ಜಿತವಾಗುತ್ತದೆ, 2016ರಿಂದ ಅದು ಜೀವನಪರ್ಯಂತ ನಡೆಯುತ್ತದೆ. ಸರ್ಕಾರ ಮಾನ್ಯ ಮಾಡಿದ ಕೇಂದ್ರಗಳಲ್ಲಷ್ಟೇ ಇದನ್ನು ಕೊಡುವುದರಿಂದ ಎರಡು ತಿಂಗಳ ಮೊದಲೇ ವಿಚಾರಿಸುವುದು ಒಳ್ಳೆಯದು. 60 ವರ್ಷ ದಾಟಿದವರಿಗೆ ಮೊದಲ ಬಾರಿಯ ಲಸಿಕೆಯಿಂದ ತೀವ್ರ ಅಡ್ಡಪರಿಣಾಮವಾಗುವ ಸಾಧ್ಯತೆ ಉಳಿದವರಿಗಿಂತ ಹೆಚ್ಚು. ಆದ್ದರಿಂದ ನಿಮ್ಮ ವೈದ್ಯರೊಂದಿಗೆ ಮಾತನಾಡದೆ ಸೂಜಿ ಚುಚ್ಚಿಸಿಕೊಳ್ಳಬೇಡಿ.

ನಿತ್ಯದ ಔಷಧಗಳನ್ನು ಯಾನದ ದಿನಗಳಿಗಿಂತ ಎರಡು ವಾರಗಳಿಗೆ ಹೆಚ್ಚಾಗುವಷ್ಟು ತೆಗೆದುಕೊಂಡು, ಕಂಪನಿಯ ಮೂಲ ಪಟ್ಟಿಗಳಲ್ಲಿಯೇ, ಔಷಧದ ಮೂಲ ಹೆಸರು ಬರೆಸಿದ ವೈದ್ಯರ ಚೀಟಿಯೊಡನೆ ಕೈಚೀಲದಲ್ಲಿಡಿ. ಭಾರತದ ಬ್ರ್ಯಾಂಡ್ ಹೆಸರುಗಳು ಪೆಸಿಫಿಕ್ಕಿನ ಔಷಧಾಲಯಗಳಲ್ಲಿ ಯಾರಿಗೂ ಪರಿಚಯವಿರುವುದಿಲ್ಲ. ಇನ್ಸುಲಿನ್ ತೆಗೆದುಕೊಳ್ಳುವವರು ಕ್ಯಾಬಿನ್ನಿನ ಪುಟ್ಟ ಫ್ರಿಜ್ಜನ್ನು ಕಣ್ಣು ಮುಚ್ಚಿ ನಂಬದೆ, ಅದು ಎಷ್ಟು ತಣ್ಣಗಿರುತ್ತದೆ ಎಂದು ಮೊದಲ ದಿನವೇ ಕೇಳಿ ತಿಳಿಯಬೇಕು. ಪಶ್ಚಿಮಕ್ಕೆ ಸಾಗುವ ಹಡಗಿನಲ್ಲಿ ಗಡಿಯಾರವನ್ನು ಮತ್ತೆ ಮತ್ತೆ ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಫ್ಲೋರಿಡಾದಿಂದ ಸಿಡ್ನಿಯವರೆಗೆ ಒಟ್ಟು ಎಂಟು ಗಂಟೆ ಹೀಗೆ ಹಿಂದೆ ಸರಿಯುತ್ತದೆ, ದಿನಾಂಕ ರೇಖೆ ದಾಟುವಾಗ ಕ್ಯಾಲೆಂಡರಿನಿಂದ ಒಂದು ದಿನವೇ ಮಾಯವಾಗುತ್ತದೆ. ಆ ವಾರ ನಮಗೆ ಬುಧವಾರವೇ ಇರಲಿಲ್ಲ. ವಾರಕ್ಕೊಮ್ಮೆ ನುಂಗುವ ಮಾತ್ರೆ ಇರುವವರೂ, ವಾರದ ಉಪವಾಸ ಮಾಡುವವರೂ ಇದನ್ನು ಮೊದಲೇ ಡೈರಿಯಲ್ಲಿ ಗುರುತು ಮಾಡಿಕೊಂಡಿದ್ದರೆ ಗೊಂದಲವಾಗುವುದಿಲ್ಲ.

ಕಡಲಿನ ತಲೆಸುತ್ತಿಗೆ ಮಾತ್ರೆಯನ್ನು ವಾಂತಿ ಶುರುವಾದ ಮೇಲಲ್ಲ, ಹಡಗು ತೂಗಾಡುವ ಮೊದಲೇ ತೆಗೆದುಕೊಳ್ಳಬೇಕು. ಒಣಶುಂಠಿಯೂ ನನಗೆ ಅನುಕೂಲವಾಯಿತು. ಕ್ಯಾಬಿನ್ ಆರಿಸುವಾಗ ಹಡಗಿನ ಮಧ್ಯಭಾಗದ, ಕೆಳ ಅಂತಸ್ತಿನ ಕೋಣೆಯನ್ನು ಕೇಳಿದರೆ ತೂಗಾಟ ಕಡಿಮೆ ತಿಳಿಯುತ್ತದೆ. ನಮಗೆ ಪೆಸಿಫಿಕ್ ಸಾಗರ ಶಾಂತವಾಗಿಯೇ ಇತ್ತು, ನ್ಯೂಜಿಲೆಂಡ್ ಮತ್ತು ಆಸ್ಟ್ರೇಲಿಯಾಗಳ ನಡುವಿನ ಟಾಸ್ಮನ್ ಸಮುದ್ರ ಮಾತ್ರ ಎರಡು ದಿನ ನಮ್ಮನ್ನು ಮಲಗಿಸಿತು. ಹಡಗುಗಳಲ್ಲಿ ಹರಡುವ ನೊರೋವೈರಸ್ ವಾಂತಿಭೇದಿಗೆ ಸ್ಯಾನಿಟೈಸರ್ ಅಷ್ಟಾಗಿ ನಾಟುವುದಿಲ್ಲ. ಊಟಕ್ಕೆ ಮುಂಚೆ ಸೋಪು ಹಚ್ಚಿ ಕೈ ತೊಳೆಯುವ ಅಭ್ಯಾಸವೇ ನಿಜವಾದ ರಕ್ಷಣೆ. ಹಡಗಿನ ವೈದ್ಯರ ಶುಲ್ಕ ದುಬಾರಿ. ಆ ಹಣವನ್ನು ಮೊದಲು ನಾವು ತೆತ್ತು, ಆಮೇಲೆ ವಿಮೆಯಿಂದ ಪಡೆಯಬೇಕಾಗುತ್ತದೆ. ನಡುಗಡಲಿನಿಂದ ರೋಗಿಯನ್ನು ಸಾಗಿಸುವ ವೆಚ್ಚವನ್ನು ನಿಮ್ಮ ಪಾಲಿಸಿ ಭರಿಸುತ್ತದೆಯೇ ಎಂಬುದನ್ನು ಕೊಳ್ಳುವಾಗಲೇ ಓದಿ ನೋಡಿ.

ಇನ್ನು ಬಟ್ಟೆ. ನಾನು ಹದಿನಾಲ್ಕು ಸೀರೆ ಒಯ್ದಿದ್ದೆ, ಉಟ್ಟದ್ದು ಆರು. ದೀರ್ಘ ಯಾನದಲ್ಲಿ ಹತ್ತು ದಿನಗಳಿಗೆ ಸಾಲುವಷ್ಟು ಬಟ್ಟೆ ಇದ್ದರೆ ಸಾಕು, ಏಕೆಂದರೆ ಬಟ್ಟೆ ಒಗೆಸುವ ವ್ಯವಸ್ಥೆ ಹಡಗಿನಲ್ಲಿಯೇ ಇರುತ್ತದೆ. ಕೆಲವು ಹಡಗುಗಳಲ್ಲಿ ಪ್ರಯಾಣಿಕರೇ ಬಳಸಬಹುದಾದ ವಾಷಿಂಗ್ ಮಷಿನ್ ಕೋಣೆಯೂ ಉಂಟು. ಔಪಚಾರಿಕ ಭೋಜನದ ರಾತ್ರಿಗಳಿಗೆ ಗಂಡಸರು ಸೂಟ್ ತೊಡುವುದು ರೂಢಿ, ಆದರೆ ಆಯಾ ದೇಶದ ಸಾಂಪ್ರದಾಯಿಕ ಔಪಚಾರಿಕ ಉಡುಪನ್ನೂ ಹಲವು ಹಡಗುಗಳವರು ಸಂತೋಷದಿಂದ ಒಪ್ಪುತ್ತಾರೆ. ನನ್ನ ಯಜಮಾನರು ಕಪ್ಪು ಬಂದ್‌ಗಲಾ ಕೋಟು ಒಂದರಲ್ಲಿಯೇ ಎಲ್ಲ ರಾತ್ರಿಗಳನ್ನೂ ಕಳೆದರು. ಹೆಣ್ಣುಮಕ್ಕಳಿಗೆ ಸೀರೆಗಿಂತ ಅನುಕೂಲವಾದದ್ದು ಇನ್ನೊಂದಿಲ್ಲ. ಮಡಿಸಿದರೆ ಅಂಗೈಯಗಲದ ಜಾಗ ಹಿಡಿಯುತ್ತದೆ, ಅಳತೆಯ ಚಿಂತೆಯಿಲ್ಲ. ಆದರೆ ಭಾರೀ ಜರಿಯ ಕಾಂಜೀವರವನ್ನು ಮನೆಯಲ್ಲಿಯೇ ಬಿಟ್ಟು, ಹಗುರವಾದ, ಸುಕ್ಕು ಹೆಚ್ಚು ಬೀಳದ ಮೈಸೂರು ಕ್ರೇಪ್ ಸೀರೆಗಳನ್ನು ಆರಿಸಿಕೊಳ್ಳಿ. ಇಸ್ತ್ರಿಪೆಟ್ಟಿಗೆಯನ್ನು ಕ್ಯಾಬಿನ್ನಿಗೆ ಒಯ್ಯಲು ಬಿಡುವುದಿಲ್ಲವಾದ್ದರಿಂದ ಈ ಆಯ್ಕೆ ಮುಖ್ಯ. ರೇಷ್ಮೆಯನ್ನು ಹಡಗಿನ ಲಾಂಡ್ರಿಗೆ ಕೊಡಬೇಡಿ, ಗಾಳಿಗೆ ಹರವಿ ಮಡಿಸಿಡಿ. ಫಾಲ್ಸ್ ಬಿಚ್ಚಿದರೆ ಹೊಲಿಯಲು ಸೂಜಿದಾರ, ಹೆಚ್ಚುವರಿ ಪಿನ್ನು, ಒಂದು ಹೆಚ್ಚಿನ ಲಂಗ ಜೊತೆಗಿರಲಿ.

ಹೊರಗೆ ಸೆಕೆಯಿದ್ದರೂ ಹಡಗಿನ ಒಳಗೆ ಏಸಿಯ ಚಳಿ ಎಲ್ಲ ದಿನವೂ ಇರುತ್ತದೆ, ಆದ್ದರಿಂದ ಶಾಲು ಮತ್ತು ತೆಳು ಸ್ವೆಟರ್ ದಿನಬಳಕೆಯ ವಸ್ತುಗಳೇ ಆಗಿಬಿಡುತ್ತವೆ. ನ್ಯೂಜಿಲೆಂಡಿನಲ್ಲಿ ಕಡಿದಾದ ಬಂಡೆಗಳ ನಡುವೆ ಕಡಲು ಒಳಚಾಚಿರುವ ಮಿಲ್‌ಫರ್ಡ್ ಸೌಂಡ್‌ನಲ್ಲಿ ವರ್ಷಕ್ಕೆ 6,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಆಗುಂಬೆಯ ಮಳೆ ಕಂಡವರಿಗೆ ಅದು ಹೊಸದಲ್ಲ, ಆದರೆ ಹಡಗಿನ ಮೇಲಂತಸ್ತಿನ ಗಾಳಿಗೆ ಛತ್ರಿ ನಿಲ್ಲುವುದಿಲ್ಲ. ತಲೆ ಮುಚ್ಚುವ ರೇನ್‌ಕೋಟು ತೊಟ್ಟವರು ಮಾತ್ರ ಬಂಡೆಗಳ ಮೈಮೇಲೆಲ್ಲ ಇಳಿಯುವ ನೂರಾರು ಜಲಪಾತಗಳನ್ನು ಹೊರಗೆ ನಿಂತು ನೋಡಿದರು. ಪನಾಮಾ ಕಾಲುವೆಯ ದಿನಕ್ಕೆ ಇದಕ್ಕೆ ತದ್ವಿರುದ್ಧವಾದ ಸಿದ್ಧತೆ ಬೇಕು. ಸುಮಾರು 80 ಕಿಲೋಮೀಟರಿನ ಆ ಹಾದಿಯಲ್ಲಿ ಹಡಗನ್ನು ಗಾಟೂನ್ ಲಾಕ್ ಎಂಬ, ನೀರು ತುಂಬಿಸುವ ಬಾಗಿಲುಳ್ಳ ತೊಟ್ಟಿಗಳ ಮೂರು ಹಂತಗಳಲ್ಲಿ 26 ಮೀಟರ್ ಮೇಲಕ್ಕೆತ್ತಿ, ಸರೋವರ ದಾಟಿಸಿ, ಆಚೆ ಬದಿಯಲ್ಲಿ ಮತ್ತೆ ಇಳಿಸುತ್ತಾರೆ. ಇದಕ್ಕೆ ಹಗಲಿನ ಬಹುಭಾಗ ಬೇಕು. ನಸುಕಿನಲ್ಲಿಯೇ ಮುಂಭಾಗದ ಡೆಕ್ ಸೇರಿದ ನಾವು, ನೀರು ತುಂಬುತ್ತಿದ್ದಂತೆ ಇಷ್ಟು ದೊಡ್ಡ ಹಡಗು ಸದ್ದಿಲ್ಲದೆ ಮೇಲೇಳುವುದನ್ನು ಕಂಡು ಊಟದ ಹೊತ್ತನ್ನೇ ಮರೆತೆವು. ಅಗಲ ಅಂಚಿನ ಟೋಪಿ, ತೆಳುವಾದ ತುಂಬುತೋಳಿನ ಅಂಗಿ, ಬೈನಾಕ್ಯುಲರ್ ಮತ್ತು ನೀರಿನ ಬಾಟಲಿ ಅಂದು ಬಹಳ ಉಪಕಾರ ಮಾಡಿದವು. ಬೋರಾ ಬೋರಾದಲ್ಲಿ ಹಡಗು ದೂರದಲ್ಲಿ ಲಂಗರು ಹಾಕಿ, ಟೆಂಡರ್ ಎಂಬ ಸಣ್ಣ ದೋಣಿಗಳಲ್ಲಿ ನಮ್ಮನ್ನು ದಡಕ್ಕೆ ಕರೆದೊಯ್ಯುತ್ತದೆ. ಎರಡೂ ಕೈ ಖಾಲಿಯಿರುವಂತೆ ಬೆನ್ನಿಗೆ ಹಾಕುವ, ನೀರು ಸೇರದ ಚೀಲ ಮತ್ತು ಜಾರದ ಚಪ್ಪಲಿ ಅಲ್ಲಿಗೆ ಬೇಕು.

ಕ್ಯಾಬಿನ್ನಿಗಾಗಿ ಒಯ್ಯಬೇಕಾದದ್ದರಲ್ಲಿ ನಾನು ಮೊದಲು ಹೇಳುವುದು ಅಯಸ್ಕಾಂತದ ಕೊಕ್ಕೆಗಳನ್ನು. ಬಹುತೇಕ ಹಡಗುಗಳ ಗೋಡೆಗಳು ಉಕ್ಕಿನವಾದ್ದರಿಂದ ಟೋಪಿ, ಚೀಲ, ಒದ್ದೆ ಟವೆಲ್ ಎಲ್ಲವನ್ನೂ ತೂಗುಹಾಕಬಹುದು. ಕಿಟಕಿಯಿಲ್ಲದ ಒಳಕೋಣೆಗೆ ಬ್ಯಾಟರಿಯ ಪುಟ್ಟ ದೀಪ ಅಗತ್ಯ, ಏಕೆಂದರೆ ಅಲ್ಲಿ ಹಗಲೂ ಅಮಾವಾಸ್ಯೆಯ ಕತ್ತಲು. ಫೋನಿನ ಚಾರ್ಜರ್ ಮೇಲೆ 100ರಿಂದ 240 ವೋಲ್ಟ್ ಎಂದು ಬರೆದಿದೆಯೇ ನೋಡಿ, ಅಮೆರಿಕದ ಚಪ್ಪಟೆ ಪಿನ್ನಿನ ಅಡಾಪ್ಟರ್ ಒಂದನ್ನು ಇಟ್ಟುಕೊಳ್ಳಿ. ಸರ್ಜ್ ಪ್ರೊಟೆಕ್ಟರ್ ಇರುವ ಎಕ್ಸ್‌ಟೆನ್ಷನ್ ಬೋರ್ಡ್, ನೀರು ಕಾಯಿಸುವ ಕಾಯಿಲ್, ಕೆಟಲ್, ಮೇಣದಬತ್ತಿ, ಊದುಬತ್ತಿಗಳನ್ನು ಬೆಂಕಿಯ ಭಯದಿಂದ ಸಾಮಾನ್ಯವಾಗಿ ನಿಷೇಧಿಸಿರುತ್ತಾರೆ. ನಮ್ಮ ಕಾಯಿಲನ್ನು ಹತ್ತುವಾಗಲೇ ತೆಗೆದಿಟ್ಟುಕೊಂಡು ಇಳಿಯುವ ದಿನ ಹಿಂದಿರುಗಿಸಿದರು. ದೇವರ ಪುಟ್ಟ ಪಟ ಮತ್ತು ಬ್ಯಾಟರಿಯ ನಂದಾದೀಪದಿಂದ ನಮ್ಮ ಬೆಳಗಿನ ಪೂಜೆ ಒಂದು ದಿನವೂ ತಪ್ಪಲಿಲ್ಲ.

ಊಟದ ಚಿಂತೆಯಿಂದ ಪೆಟ್ಟಿಗೆ ತುಂಬ ತಿಂಡಿ ಕಟ್ಟುವುದು ಬೇಡ. ಸಸ್ಯಾಹಾರಿಗಳು ಟಿಕೆಟ್ ಕೊಳ್ಳುವಾಗಲೇ ಬರೆಸಿ, ಹತ್ತಿದ ಮೇಲೆ ಭೋಜನಶಾಲೆಯ ಮುಖ್ಯಸ್ಥರಿಗೆ ಇನ್ನೊಮ್ಮೆ ಹೇಳಿ, ಮರುದಿನಕ್ಕೆ ಬೇಕಾದದ್ದನ್ನು ಹಿಂದಿನ ರಾತ್ರಿಯೇ ತಿಳಿಸಿದರೆ ಅನ್ನ, ಬೇಳೆ, ಪಲ್ಯ ಸಿದ್ಧವಾಗಿರುತ್ತವೆ. ಇಂಥ ಹಡಗುಗಳಲ್ಲಿ ಗೋವಾ ಮತ್ತು ಮಂಗಳೂರು ಕಡೆಯವರು ಬಹಳ ಮಂದಿ ದುಡಿಯುತ್ತಾರೆ, ನಡುಗಡಲಿನಲ್ಲಿ ಬಡಿಸುವ ಹುಡುಗನೊಬ್ಬ ಕನ್ನಡದಲ್ಲಿ "ಇನ್ನೂ ಸ್ವಲ್ಪ ಹಾಕ್ಲಾ ಅಮ್ಮ?" ಎಂದು ಕೇಳಿದಾಗ ನನ್ನ ಕಣ್ಣು ತುಂಬಿತು. ಅಂಗಡಿಯ ಸೀಲ್ ಇರುವ ಚಟ್ನಿಪುಡಿ, ಉಪ್ಪಿನಕಾಯಿ ಸ್ವಲ್ಪವೇ ಸಾಕು. ದುಬೈ ಅಥವಾ ಸಿಂಗಪುರದಲ್ಲಿ ವಿಮಾನ ಬದಲಾಯಿಸುವವರು ಗಸಗಸೆಯನ್ನು ಯಾವ ರೂಪದಲ್ಲಿಯೂ ಒಯ್ಯಬಾರದು, ಅಲ್ಲಿ ಅದು ನಿಷೇಧಿತ ವಸ್ತು. ನ್ಯೂಜಿಲೆಂಡಿನಲ್ಲಿ ಹಡಗಿನ ಊಟದ ಮೇಜಿನಿಂದ ತೆಗೆದುಕೊಂಡ ಸೇಬೊಂದನ್ನು ಮರೆತು ದಡಕ್ಕೆ ಒಯ್ದರೂ 400 ಡಾಲರ್ ದಂಡ ಬೀಳಬಹುದು. ಅಲ್ಲಿಯೂ ಆಸ್ಟ್ರೇಲಿಯಾದಲ್ಲಿಯೂ ಬೀಜ ಮತ್ತು ಮರದ ವಸ್ತುಗಳನ್ನು ತಿಳಿಸಲೇಬೇಕು. ಕೊರಳಿನ ರುದ್ರಾಕ್ಷಿ, ತುಳಸಿಮಣಿಗಳೂ ಇದರಲ್ಲಿ ಸೇರುತ್ತವೆ. ಫಾರಂನಲ್ಲಿ ಹೌದೆಂದು ಬರೆದರೆ ಪರೀಕ್ಷಿಸಿ ಕಳುಹಿಸುವುದೇ ಹೆಚ್ಚು, ಮುಚ್ಚಿಟ್ಟರೆ ಮಾತ್ರ ತೊಂದರೆ. ಚಪ್ಪಲಿ, ಬೂಟುಗಳ ಅಡಿಯ ಮಣ್ಣನ್ನು ಹಿಂದಿನ ದಿನವೇ ತೊಳೆದಿಡಿ.

ಹಣದ ವಿಷಯದಲ್ಲಿ ಒಂದು ಎಚ್ಚರಿಕೆ. ನಡುಗಡಲಿನಲ್ಲಿ ನಮ್ಮ ಬ್ಯಾಂಕಿನ ಓಟಿಪಿ ಸಂದೇಶ ಬರುವುದೆಂಬ ಖಾತರಿಯಿಲ್ಲ. ಹಡಗಿನ ಮೊಬೈಲ್ ಜಾಲಕ್ಕೆ ಫೋನ್ ತಾನಾಗಿ ಸೇರಿಕೊಂಡರೆ ಬಿಲ್ಲು ವಿಪರೀತವಾಗಿ ಏರುತ್ತದೆ, ಆದ್ದರಿಂದ ಹಡಗು ಬಂದರು ಬಿಟ್ಟ ಕೂಡಲೇ ಏರೋಪ್ಲೇನ್ ಮೋಡ್ ಹಾಕಿ ಹಡಗಿನ ವೈಫೈ ಬಳಸಿ. ವಿದ್ಯುತ್ ಬಿಲ್, ವಿಮೆಯ ಕಂತುಗಳನ್ನು ಮುಂಗಡವಾಗಿ ಕಟ್ಟಿ, ಎರಡು ಕಾರ್ಡುಗಳಿಗೆ ವಿದೇಶಿ ಬಳಕೆಯ ಅನುಮತಿ ಪಡೆದು ಹೊರಡಿ.

ಕೊನೆಯ ರಾತ್ರಿ ದೊಡ್ಡ ಪೆಟ್ಟಿಗೆಗಳನ್ನು ಚೀಟಿ ಕಟ್ಟಿ ಕ್ಯಾಬಿನ್ನಿನ ಬಾಗಿಲಾಚೆ ಇಡಬೇಕು, ಬೆಳಗಾಗುವುದರೊಳಗೆ ಅವನ್ನು ಒಯ್ದುಬಿಡುತ್ತಾರೆ. ಮರುದಿನ ಉಡುವ ಸೀರೆ, ರವಿಕೆ, ಚಪ್ಪಲಿ, ಹಲ್ಲುಜ್ಜುವ ಬ್ರಷ್, ಬೆಳಗಿನ ಮಾತ್ರೆ, ಪಾಸ್‌ಪೋರ್ಟ್ ಮತ್ತು ಚಾರ್ಜರ್‌ಗಳನ್ನು ಕೈಚೀಲಕ್ಕೆ ಹಾಕಿ, ಇನ್ನೊಮ್ಮೆ ಎಣಿಸಿ ನೋಡಿದ ಮೇಲೆಯೇ ಪೆಟ್ಟಿಗೆಗೆ ಬೀಗ ಹಾಕಿ. ಗೋಡೆಯ ಕೊಕ್ಕೆಗಳನ್ನು ಬಿಡಿಸಿಕೊಳ್ಳುವುದನ್ನೂ ಮರೆಯಬೇಡಿ. ನಮ್ಮ ನಾಲ್ಕು ಕೊಕ್ಕೆಗಳು ಆ ಕೋಣೆಯಲ್ಲಿಯೇ ಉಳಿದುಬಿಟ್ಟವು.