ನಾಯಿಯ ಕೀಲುನೋವಿಗೆ ಸಪ್ಲಿಮೆಂಟ್ ಆರಿಸುವುದು ಹೇಗೆ?

ನಿದ್ದೆಯಿಂದ ಎದ್ದ ನಾಯಿ ಮೊದಲ ನಾಲ್ಕು ಹೆಜ್ಜೆ ಬಿಗಿಬಿಗಿಯಾಗಿ ಇಡುತ್ತದೆ. ಆಮೇಲೆ ಸರಿಹೋಗುತ್ತದೆ. ವಯಸ್ಸಾಯ್ತು ಅಂತ ನಾವು ಸುಮ್ಮನಾಗುತ್ತೇವೆ. ನಮ್ಮ ಮನೆಯಲ್ಲೂ ಹಾಗೇ ಆಯಿತು. ನಮ್ಮ ಲ್ಯಾಬ್ರಡಾರ್ ಒಂಬತ್ತನೇ ವರ್ಷಕ್ಕೆ ಸೋಫಾ ಹತ್ತುವುದನ್ನು ಬಿಟ್ಟಾಗ, ಕೊನೆಗೂ ಹೇಳಿದ ಮಾತು ಕೇಳ್ತಾಳೆ ಅಂತ ಖುಷಿಪಟ್ಟಿದ್ದೆವು. ಅವಳಿಗೆ ಹತ್ತಲು ಆಗುತ್ತಲೇ ಇರಲಿಲ್ಲ.

ಕೀಲು ನೋಯುವ ನಾಯಿ ಕೂಗುವುದು ಅಪರೂಪ. ಮೆಟ್ಟಿಲ ಬುಡದಲ್ಲಿ ಬಂದು ಹಾಗೇ ನಿಲ್ಲುತ್ತದೆ. ಕೂತಾಗ ಒಂದು ಹಿಂಗಾಲನ್ನು ಪಕ್ಕಕ್ಕೆ ಚಾಚುತ್ತದೆ. ಓಡುವಾಗ ಎರಡೂ ಹಿಂಗಾಲನ್ನು ಮೊಲದ ಹಾಗೆ ಒಟ್ಟಿಗೆ ಎತ್ತಿ ಹಾಕುತ್ತದೆ. ಒಂದೇ ಜಾಗವನ್ನು ನೆಕ್ಕುತ್ತಾ ಇರುತ್ತದೆ. ಇಷ್ಟರಲ್ಲಿ ಒಂದು ಕಂಡರೂ ಡಬ್ಬಿ ಕೊಳ್ಳುವ ಮೊದಲು ಪಶುವೈದ್ಯರ ಹತ್ತಿರ ಹೋಗಿ.

ಯಾಕೆಂದರೆ ಎಲ್ಲ ಕುಂಟೂ ಒಂದೇ ಅಲ್ಲ. ಸೊಂಟದ ಕೀಲು ಮರಿಯಾಗಿ ಬೆಳೆಯುವಾಗಲೇ ಸಡಿಲ ಆಗಿರಬಹುದು. ಜರ್ಮನ್ ಶೆಫರ್ಡ್, ಲ್ಯಾಬ್ರಡಾರ್, ರಾಟ್‌ವೀಲರ್‌ನಂಥ ದೊಡ್ಡ ತಳಿಗಳಲ್ಲಿ ಇದು ಜಾಸ್ತಿ. ಮಂಡಿಯೊಳಗೆ ಎಲುಬುಗಳನ್ನು ಹಿಡಿದಿಡುವ ಪಟ್ಟಿ, ಅಂದರೆ ಲಿಗಮೆಂಟ್, ಹರಿದಿರಬಹುದು. ಅದನ್ನು ಯಾವ ಪುಡಿಯೂ ಜೋಡಿಸುವುದಿಲ್ಲ. ನೋವು ಜೋರಾಗಿದ್ದರೆ ವೈದ್ಯರು ಬರೆದುಕೊಡುವ ನೋವಿನ ಔಷಧಿಯೇ ಬೇಕು. ಸಪ್ಲಿಮೆಂಟ್ ಅದರ ಜೊತೆಗಿರುವ ಆಸರೆ ಅಷ್ಟೇ, ಅದರ ಬದಲಿಗಲ್ಲ.

ಮೊದಲು ತೂಕ

ಈ ಮಾತು ಯಾರಿಗೂ ಹಿಡಿಸುವುದಿಲ್ಲ, ಆದರೂ ಹೇಳಲೇಬೇಕು. ಕೀಲಿಗೆ ತೂಕ ಇಳಿಸುವುದರಷ್ಟು ಉಪಕಾರ ಮಾಡುವ ಸಪ್ಲಿಮೆಂಟ್ ನನಗೆ ಗೊತ್ತಿಲ್ಲ. 48 ಲ್ಯಾಬ್ರಡಾರ್‌ಗಳನ್ನು ಜೀವನಪೂರ್ತಿ ಗಮನಿಸಿದ ಒಂದು ಅಧ್ಯಯನ 2002ರಲ್ಲಿ ಪ್ರಕಟವಾಯಿತು. ಅದರಲ್ಲಿ ಶೇ 25ರಷ್ಟು ಕಡಿಮೆ ಊಟ ತಿಂದ ನಾಯಿಗಳು ಸುಮಾರು 13 ವರ್ಷ ಬದುಕಿದವು, ಉಳಿದವು 11.2 ವರ್ಷ. ಸಣ್ಣಗಿದ್ದ ನಾಯಿಗಳಿಗೆ ಕೀಲಿನ ತೊಂದರೆ ಬಂದದ್ದೂ ತಡವಾಗಿಯೇ. 2010ರ ಇನ್ನೊಂದು ಅಧ್ಯಯನದಲ್ಲಿ, ದಪ್ಪಗಿದ್ದ ನಾಯಿಗಳ ತೂಕ ಶೇ 6ರಷ್ಟು ಇಳಿದಾಗಲೇ ಕುಂಟುವುದು ಕಡಿಮೆಯಾಗಿತ್ತು. ಅಂದರೆ 30 ಕಿಲೋ ನಾಯಿ ಎರಡು ಕಿಲೋ ಇಳಿದರೂ ಸಾಕು, ವ್ಯತ್ಯಾಸ ಕಾಣುತ್ತದೆ.

ನಾಯಿಯ ಪಕ್ಕೆಯ ಮೇಲೆ ಬೆರಳಾಡಿಸಿ ನೋಡಿ. ಒತ್ತದೆಯೇ ಪಕ್ಕೆಲುಬು ಕೈಗೆ ಸಿಗಬೇಕು. ಹುಡುಕಬೇಕಾಗಿ ಬಂದರೆ ಊಟದ ಅಳತೆ ಕಡಿಮೆ ಮಾಡುವ ಸಮಯ ಬಂದಿದೆ.

ಯಾವುದನ್ನು ಆರಿಸುವುದು?

ಡಬ್ಬಿಗಳ ಮೇಲೆ ದೊಡ್ಡ ಅಕ್ಷರದಲ್ಲಿ ಕಾಣುವ ಜೋಡಿ ಗ್ಲುಕೋಸಮೈನ್ ಮತ್ತು ಕೊಂಡ್ರಾಯ್ಟಿನ್. ಮೊದಲನೆಯದನ್ನು ಹೆಚ್ಚಾಗಿ ಏಡಿ, ಸಿಗಡಿಯ ಚಿಪ್ಪಿನಿಂದ ತೆಗೆಯುತ್ತಾರೆ, ಎರಡನೆಯದನ್ನು ಪ್ರಾಣಿಗಳ ಮೆದು ಎಲುಬಿನಿಂದ (ಕಾರ್ಟಿಲೇಜ್). ಅಪಾಯ ಕಡಿಮೆ, ನಿಜ. ಆದರೆ ನಾಯಿ, ಬೆಕ್ಕುಗಳ ಮೇಲೆ ನಡೆದ ಪರೀಕ್ಷೆಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದ 2022ರ ಒಂದು ವಿಮರ್ಶೆಯಲ್ಲಿ ಈ ಜೋಡಿಯಿಂದ ನೋವು ಕಡಿಮೆಯಾದದ್ದು ಕಾಣಲಿಲ್ಲ. ಕೀಲಿನಲ್ಲೂ ಇರುವ ಕೊಲಾಜೆನ್ ಎಂಬ ಪ್ರೋಟೀನ್‌ನ ಪರಿಣಾಮ ಸಣ್ಣದು. ಎಲ್ಲಕ್ಕಿಂತ ಸ್ಪಷ್ಟವಾಗಿ ಗೆದ್ದದ್ದು ಮೀನೆಣ್ಣೆಯಲ್ಲಿರುವ ಒಮೆಗಾ-3 ಎಂಬ ಕೊಬ್ಬಿನಂಶ. ಹಾಗಾಗಿ ಒಂದೇ ಒಂದನ್ನು ಕೊಳ್ಳುವುದಾದರೆ ಮೀನೆಣ್ಣೆಯನ್ನೇ ಕೊಳ್ಳಿ ಅಂತ ನಾನು ಹೇಳುತ್ತೇನೆ.

ಅಗಸೆ ಎಣ್ಣೆಯಲ್ಲೂ ಒಮೆಗಾ-3 ಇದೆಯಲ್ವಾ ಅಂತ ಕೇಳುವವರಿದ್ದಾರೆ. ಇದೆ, ಆದರೆ ಬೇರೆ ಬಗೆಯದು. ಮೀನೆಣ್ಣೆಯಲ್ಲಿರುವ, ಕೀಲಿಗೆ ಬೇಕಾದ ಒಮೆಗಾ-3 ಬಗೆಗಳಾದ ಇಪಿಎ ಮತ್ತು ಡಿಎಚ್‌ಎ ಆಗಿ ಅದನ್ನು ಬದಲಿಸಿಕೊಳ್ಳುವ ಶಕ್ತಿ ನಾಯಿಯ ಮೈಗೆ ತೀರಾ ಕಡಿಮೆ.

ಡಬ್ಬಿಯ ಹಿಂಬದಿ ಓದಿ

ಮೋಸಹೋಗುವುದು ಇಲ್ಲೇ. ಒಂದು ಕ್ಯಾಪ್ಸೂಲ್ ಡಬ್ಬಿ ತೆಗೆದುಕೊಳ್ಳೋಣ. ಮುಂದೆ 'ಮೀನೆಣ್ಣೆ 1000 ಮಿಲಿಗ್ರಾಂ' ಎಂದಿದೆ. ತಿರುಗಿಸಿದರೆ ಸಣ್ಣ ಅಕ್ಷರದಲ್ಲಿ ಇಪಿಎ 180, ಡಿಎಚ್‌ಎ 120. ಕೆಲಸಕ್ಕೆ ಬರುವುದು ಈ 300 ಮಿಲಿಗ್ರಾಂ ಮಾತ್ರ. ಉಳಿದದ್ದು ಬರೀ ಕೊಬ್ಬು.

ಕೀಲುನೋವಿರುವ 20 ಕಿಲೋ ನಾಯಿಗೆ ತಜ್ಞರು ಹೇಳುವ ಇಪಿಎ, ಡಿಎಚ್‌ಎ ಒಟ್ಟು ಪ್ರಮಾಣ ದಿನಕ್ಕೆ ಸುಮಾರು 2,900 ಮಿಲಿಗ್ರಾಂವರೆಗೆ ಹೋಗುತ್ತದೆ. ಮೇಲಿನ ಲೆಕ್ಕದಲ್ಲಿ ಹತ್ತು ಕ್ಯಾಪ್ಸೂಲ್! ಅಂದರೆ 10 ಗ್ರಾಂ ಎಣ್ಣೆ, 90 ಕ್ಯಾಲೊರಿ. ಇಳಿಸಿದ ತೂಕ ಮತ್ತೆ ಏರುತ್ತದೆ. ಅದಕ್ಕೇ ಇಪಿಎ, ಡಿಎಚ್‌ಎ ಹೆಚ್ಚು ಪ್ರಮಾಣದಲ್ಲಿರುವ ಎಣ್ಣೆಯನ್ನು ಹುಡುಕಿ, ಆ ಕ್ಯಾಲೊರಿಯನ್ನು ಊಟದಲ್ಲಿ ಕಳೆಯಿರಿ. ನಿಮ್ಮ ನಾಯಿಗೆ ಎಷ್ಟು ಅನ್ನುವುದನ್ನು ವೈದ್ಯರೇ ಹೇಳಲಿ. ಹೇಳಿದ್ದರ ಕಾಲು ಭಾಗದಿಂದ ಶುರುಮಾಡಿ, ಎರಡು ಮೂರು ವಾರದಲ್ಲಿ ಏರಿಸಿ. ಭೇದಿಯಾದರೆ ಇಳಿಸಿ. ಮುಚ್ಚಳ ತೆಗೆದಾಗ ಮುಗ್ಗಲು ವಾಸನೆ ಹೊಡೆದರೆ ಎಣ್ಣೆ ಕೆಟ್ಟಿದೆ, ಎಸೆದುಬಿಡಿ.

ಕಾಡ್ ಲಿವರ್ ಎಣ್ಣೆ ಬೇರೆ, ಮೀನೆಣ್ಣೆ ಬೇರೆ. ಮೀನಿನ ಪಿತ್ತಜನಕಾಂಗದಿಂದ ತೆಗೆಯುವ ಕಾಡ್ ಲಿವರ್ ಎಣ್ಣೆಯಲ್ಲಿ ಎ ಮತ್ತು ಡಿ ವಿಟಮಿನ್ ಜಾಸ್ತಿ. ಕೀಲಿಗೆ ಬೇಕಾಗುವಷ್ಟು ಕೊಟ್ಟರೆ ಅವೇ ವಿಷವಾಗಬಹುದು.

ಬೇರೆ ಸಪ್ಲಿಮೆಂಟಿಗೂ ಇದೇ ಓದು. ಯಾವ ಅಂಶ ಎಷ್ಟು ಮಿಲಿಗ್ರಾಂ ಅಂತ ಬಿಡಿಬಿಡಿಯಾಗಿ ಬರೆದಿರಬೇಕು. 'ವಿಶೇಷ ಮಿಶ್ರಣ' ಅಂತ ಒಂದೇ ಅಂಕಿ ಕೊಟ್ಟಿದ್ದರೆ ವಾಪಸ್ ಇಡಿ. ಬ್ಯಾಚ್ ನಂಬರ್, ಎಕ್ಸ್‌ಪೈರಿ ತಾರೀಖು ಇರಲಿ. 'ಪೂರ್ತಿ ಗುಣವಾಗುತ್ತದೆ' ಅಂತ ಬರೆದ ಡಬ್ಬಿಯನ್ನು ಮುಟ್ಟಲೇಬೇಡಿ. ಸವೆದ ಕೀಲನ್ನು ಹೊಸದು ಮಾಡುವ ಮಾತ್ರೆ ಇಲ್ಲ.

ಇವು ಬೇಡವೇ ಬೇಡ

ನಮ್ಮ ಕೀಲಿನ ಮಾತ್ರೆಯನ್ನೇ ಅರ್ಧ ಮಾಡಿ ನಾಯಿಗೆ ಹಾಕುವುದು ಬೇಡ. ಸಿಹಿಯಾದ ಅಗಿಯುವ ಮಾತ್ರೆಗಳಲ್ಲಿ ಸಕ್ಕರೆಯ ಬದಲು ಹಾಕುವ ಜೈಲಿಟಾಲ್ ಇರಬಹುದು. ಅದು ನಾಯಿಯ ರಕ್ತದ ಸಕ್ಕರೆಯನ್ನು ಕೆಲವೇ ನಿಮಿಷದಲ್ಲಿ ಕುಸಿಯುವಂತೆ ಮಾಡಬಲ್ಲದು, ಪಿತ್ತಜನಕಾಂಗವನ್ನೂ ಕೆಡಿಸಬಹುದು. ಐಬುಪ್ರೊಫೆನ್, ಪ್ಯಾರಸಿಟಮಾಲ್ ನೀವಾಗಿಯೇ ಕೊಡಬೇಡಿ, ಜೀವಕ್ಕೇ ಕುತ್ತು. ದೊಡ್ಡ ತಳಿಯ ಮರಿಗೆ 'ಎಲುಬು ಗಟ್ಟಿಯಾಗಲಿ' ಅಂತ ಸುಮ್ನೆ ಕ್ಯಾಲ್ಸಿಯಂ ಸುರಿಯುವುದೂ ತಪ್ಪು. ಜಾಸ್ತಿ ಕ್ಯಾಲ್ಸಿಯಂನಿಂದ ಬೆಳೆಯುವ ಎಲುಬೇ ಹದಗೆಡುತ್ತದೆ.

ಶುರುಮಾಡಿದ ಮೇಲೆ

ಒಂದು ಸಲಕ್ಕೆ ಒಂದೇ ಹೊಸ ಸಪ್ಲಿಮೆಂಟ್. ಮೂರನ್ನು ಒಟ್ಟಿಗೆ ಕೊಟ್ಟರೆ ಯಾವುದು ಕೆಲಸ ಮಾಡಿತು, ಯಾವುದರಿಂದ ಹೊಟ್ಟೆ ಕೆಟ್ಟಿತು ಅಂತ ತಿಳಿಯುವುದೇ ಇಲ್ಲ. ಶುರುಮಾಡುವ ದಿನವೇ ನಾಯಿ ಏಳುವುದನ್ನು, ಮೆಟ್ಟಿಲು ಹತ್ತುವುದನ್ನು ಫೋನಿನಲ್ಲಿ ವಿಡಿಯೊ ಮಾಡಿಟ್ಟುಕೊಳ್ಳಿ. ನಾಲ್ಕು ವಾರಕ್ಕೊಮ್ಮೆ ಅದೇ ಜಾಗ, ಅದೇ ಹೊತ್ತಿನಲ್ಲಿ ಮತ್ತೆ ಮಾಡಿ. ಪ್ರೀತಿಯ ಕಣ್ಣಿಗೆ ಇಲ್ಲದ ಸುಧಾರಣೆಯೂ ಕಾಣುತ್ತದೆ. ನನಗೂ ಕಂಡಿತ್ತು. ಎರಡು ವಿಡಿಯೊ ಅಕ್ಕಪಕ್ಕ ಇಟ್ಟು ನೋಡಿದಾಗಲೇ ನಮ್ಮ ಮೊದಲ ಡಬ್ಬಿಯಿಂದ ಏನೂ ಆಗಿಲ್ಲ ಅಂತ ಗೊತ್ತಾದದ್ದು.

ಎಂಟರಿಂದ ಹನ್ನೆರಡು ವಾರ ಕಾಯಿರಿ. ಆಗಲೂ ವ್ಯತ್ಯಾಸ ಇಲ್ಲದಿದ್ದರೆ ನಿಲ್ಲಿಸಿ, ವಿಡಿಯೊಗಳನ್ನು ವೈದ್ಯರಿಗೆ ತೋರಿಸಿ. ಕೊಡುತ್ತಿರುವ ಎಲ್ಲವನ್ನೂ ಅವರಿಗೆ ಹೇಳಿ. ಆಪರೇಷನ್ ಇದ್ದರೆ ಮೀನೆಣ್ಣೆಯ ವಿಷಯವನ್ನು ಮರೆಯದೆ ಮೊದಲೇ ತಿಳಿಸಿ. ಅದು ರಕ್ತ ಹೆಪ್ಪುಗಟ್ಟುವುದನ್ನು ನಿಧಾನ ಮಾಡಬಹುದು.